ಕೆಂಪು ಶಾಯಿಯ ಬಿಲ್ಲು

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ತಿದ್ದುವ ಕಾಯಿಲೆ. ಕನ್ನಡ ಮೇಷ್ಟ್ರಾದವನಿಗೆ ಇದು ಅಷ್ಟೋ ಇಷ್ಟೋ ಇರಲೇಬೇಕು, ಅನ್ನ ಕೊಡುವ ಕಾಯಿಲೆ ಅದು. ಆದರೆ ನನಗೆ ಶಾಲೆಯ ಗಂಟೆ ಹೊಡೆದ ಮೇಲೂ ಬಿಡುವುದಿಲ್ಲ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಮದುವೆಯ ಕರೆಯೋಲೆ ಕೈಗೆ ಬಂದರೆ ಗಂಡು ಯಾರು, ಹೆಣ್ಣು ಯಾರು ಎಂದು ನೋಡುವ ಮೊದಲು 'ಆಶೀರ್ವಾದ'ದ 'ಶೀ'ಗೆ ದೀರ್ಘ ಕೊಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ 'ಕೈ ತೊಳೆಯುವ ಸ್ತಳ' ಎಂದು ಬರೆದಿದ್ದರು. ಎದ್ದುಹೋಗಿ ಅದನ್ನು 'ಸ್ಥಳ' ಮಾಡುವ ತನಕ ನನಗೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ. ಮಾಲೀಕ ಗಲ್ಲಾದಿಂದಲೇ ನೋಡಿ, "ಇಷ್ಟ್ ವರ್ಸದಲ್ಲಿ ಕೈ ತೊಳ್ಯಾಕೆ ಬಂದೋರ್ಯಾರೂ ದಾರಿ ತಪ್ಪಿಲ್ಲ ಕಣ್ ಮೇಷ್ಟ್ರೇ" ಎಂದ.

ಈ ಕಾಯಿಲೆಯಿಂದ ನಾನು ಕಳೆದುಕೊಂಡದ್ದು ಕಡಿಮೆಯೇನಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸಾವಿತ್ರಿ ತನ್ನ ತವರೂರು ಸಂತೆಬಾಚಹಳ್ಳಿಯಿಂದ ಒಂದು ಕಾಗದ ಬರೆದಿದ್ದಳು. 'ನಿಮ್ಮ ನೆನಪಾಗಿ ಒಟ್ಟೆಗೆ ಊಟ ಸೇರುತ್ತಿಲ್ಲ' ಎಂದಿತ್ತು. ನಮ್ಮ ಸೀಮೆಯವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಳ್ಳಿ 'ಅಳ್ಳಿ'ಯಾಗುತ್ತದೆ, ಹಸು 'ಅಸು'ವಾಗುತ್ತದೆ, ಹಾಗೆ ಎಂಬುದು 'ಅಂಗೆ' ಆಗುತ್ತದೆ. ನಾನು 'ಒಟ್ಟೆ'ಯನ್ನು 'ಹೊಟ್ಟೆ' ಮಾಡಿ, ಕೆಳಗೆ 'ಭಾವ ಚೆನ್ನಾಗಿದೆ, ಕಾಗುಣಿತ ಗಮನಿಸು' ಎಂದು ಕೆಂಪು ಶಾಯಿಯಲ್ಲಿ ಬರೆದು ಮರುಟಪಾಲಿಗೇ ವಾಪಸು ಕಳಿಸಿದೆ. ಅದೇ ಅವಳು ನನಗೆ ಬರೆದ ಕೊನೆಯ ಕಾಗದ. ಈಗ ಏನಿದ್ದರೂ ಬಾಯಲ್ಲೇ ಹೇಳುತ್ತಾಳೆ, ಅದನ್ನು ತಿದ್ದುವ ಧೈರ್ಯ ನನಗಿಲ್ಲ.

ಈ 'ಅಂಗೆ' ಎಂಬ ಪದವನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಂಡಿರಿ. ನಾನು ಇಟ್ಟುಕೊಳ್ಳದೆ ಕೆಟ್ಟೆ.

ನನ್ನ ಮಗಳು ವಸಂತಾ ಹತ್ತನೆಯ ತರಗತಿಗೆ ಬಂದ ವರ್ಷದ ಮಾತು. ಅಲ್ಲಿಯವರೆಗೂ ಅವಳು ನನ್ನ ಮದುವೆಯ ಕಾಲದ ತಗಡಿನ ಟ್ರಂಕಿನ ಮೇಲೆ ಪುಸ್ತಕ ಹರಡಿಕೊಂಡು ಬೆನ್ನು ಬಗ್ಗಿಸಿ ಓದುತ್ತಿದ್ದಳು. ಬೇಕು ಎಂದು ಬಾಯಿಬಿಟ್ಟು ಕೇಳುವ ಹುಡುಗಿಯಲ್ಲ. ಒಂಬತ್ತರಲ್ಲಿ ಮೊದಲ ದರ್ಜೆ ಬಂದರೆ ತೇಗದ ಮೇಜು ಕೊಡಿಸುತ್ತೇನೆ ಎಂದು ನಾನೇ ಜಂಬ ಕೊಚ್ಚಿಕೊಂಡಿದ್ದೆ. ಅವಳು ತಂದೇಬಿಟ್ಟಳು. ತೇಗದ ಬೆಲೆ ವಿಚಾರಿಸಿದ ಮೇಲೆ ನಾನು ಕೆಲವು ದಿನ ಮಗಳ ಮುಖ ತಪ್ಪಿಸಿಕೊಂಡು ಓಡಾಡಿದೆ. ಆಮೇಲೆ ಯಾರೋ ಪಾಂಡವಪುರದ ಪುಟ್ಟಸ್ವಾಮಿಯ ಹೆಸರು ಹೇಳಿದರು. ಅವನ ಅಂಗಡಿಯಲ್ಲಿ ಎಲ್ಲವೂ ಅಗ್ಗವಂತೆ. ಸಾವಿತ್ರಿ, "ಅಗ್ಗ ಯಾಕೆ ಅಂತಾನೂ ಒಸಿ ಕೇಳ್ಕಂಡ್ ಬನ್ನಿ" ಎಂದಳು. ಹೆಂಡತಿಯ ಮಾತಿಗೆ ನಾನು ತಲೆಯಾಡಿಸುವುದು ಕೇಳಿಸಿಕೊಂಡೆ ಎಂಬ ಅರ್ಥದಲ್ಲಿ ಮಾತ್ರ.

ಪುಟ್ಟಸ್ವಾಮಿಯ ಅಂಗಡಿಯ ಮುಂದೆ ಆ ಮೇಜು ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಜೇನುಬಣ್ಣ, ಒಂದು ಡ್ರಾಯರು, ಅದಕ್ಕೊಂದು ಹಿತ್ತಾಳೆಯ ಹಿಡಿ. "ತೇಗಾನಾ ಇದು?" ಎಂದೆ. ಪುಟ್ಟಸ್ವಾಮಿ ಹಲಗೆಯ ಮೇಲೆ ಅಂಗೈಯಲ್ಲಿ ಪಟಪಟನೆ ಬಡಿದು, "ತೇಗದಂಗೇ ಕಣ್ ಮೇಷ್ಟ್ರೇ! ಮುಟ್ಟಿ ನೋಡಿ. ನಿಮ್ ಮೊಮ್ಮಕ್ಳೂ ಇದ್ರ ಮ್ಯಾಲೇ ಬರೀತವೆ" ಎಂದ. ನನ್ನ ಕಿವಿ ತೇಗ ಎಂಬಲ್ಲಿಗೇ ಬಾಗಿಲು ಹಾಕಿಕೊಂಡಿತು. ಉಳಿದದ್ದೆಲ್ಲ ಬೀದಿಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರಾಕ್ಟರಿನ ಸದ್ದಿನಲ್ಲಿ ಹೋಯಿತು.

ಹಾಗೆಂದು ನಾನು ಎಚ್ಚರ ತಪ್ಪಿದವನಲ್ಲ. ಕೆಲವೇ ದಿನಗಳ ಹಿಂದೆ ನಮ್ಮ ಶಾಲೆಯಲ್ಲಿ ಗ್ರಾಹಕರ ಹಕ್ಕುಗಳ ಬಗ್ಗೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. "ಗ್ರಾಹಕನೇ ರಾಜ ಎನ್ನುತ್ತಾರೆ, ಮಕ್ಕಳೇ. ಆದರೆ ಬಿಲ್ಲಿಲ್ಲದ ರಾಜ ಎಲ್ಲಾದರೂ ಯುದ್ಧ ಗೆದ್ದದ್ದುಂಟೆ?" ಎಂದಾಗ ಹೆಡ್ಮಾಸ್ಟರೂ ನಕ್ಕಿದ್ದರು. ಆದ್ದರಿಂದ ಬಿಲ್ಲು ಬೇಕೇ ಬೇಕು ಎಂದು ಹಟ ಹಿಡಿದೆ. ಪುಟ್ಟಸ್ವಾಮಿ ತಲೆ ಕೆರೆದುಕೊಂಡು, ಎಲ್ಲಿಂದಲೋ ಒಂದು ಬಿಲ್ ಪುಸ್ತಕ ಹುಡುಕಿ, ಧೂಳು ಕೊಡವಿ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಒಂದು ಸಾಲು ಬರೆದುಕೊಟ್ಟ. ಒಂದೇ ಸಾಲು, ಅದರಲ್ಲಿ ನಾಲ್ಕು ತಪ್ಪು! ದೀರ್ಘ ಇಲ್ಲ, 'ಒ' ಬರುವಲ್ಲಿ 'ವ', ಗ್ರಾಮ್ಯ ಬೇರೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಎಲ್ಲವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಅಭ್ಯಾಸಬಲದಿಂದ ಕೆಳಗೆ ನನ್ನ ಸಹಿಯನ್ನೂ ಗೀಚಿದೆ. ಪುಟ್ಟಸ್ವಾಮಿ ಕೈಮುಗಿದು, "ನನ್ ಜಲ್ಮದಲ್ಲೇ ಇಂತಾ ಚೆಂದುಳ್ಳಿ ಬಿಲ್ಲು ಕೊಟ್ಟಿರ್ಲಿಲ್ಲ" ಎಂದ. ನಾನು ಹಿಗ್ಗಿದೆ.

ಮೇಜು ಬಸ್ಸಿನ ಟಾಪಿನ ಮೇಲೆ ಶ್ರೀರಂಗಪಟ್ಟಣಕ್ಕೆ ಬಂತು. ಸಾವಿತ್ರಿ ಅರಿಶಿನ ಕುಂಕುಮ ಹಚ್ಚಿದಳು. ವಸಂತಾ ಹಲಗೆಯ ಮೇಲೆ ಕೆನ್ನೆ ಇಟ್ಟು ಕೂತಳು. ಅವಳಿಗೆಂದೇ ಆ ಮನೆಗೆ ಬಂದ ಮೊದಲ ವಸ್ತು ಅದು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ದಸರಾ ಕಳೆಯುವಷ್ಟರಲ್ಲಿ ಮೇಜಿನ ಒಂದು ಕಾಲು ನೆಲ ಬಿಟ್ಟಿತು. ವಸಂತಾ ಬೆಳಗಿನ ಐದಕ್ಕೆ ಎದ್ದು ಬರೆಯಲು ಕೂತಳೆಂದರೆ ಟಕ್, ಟಕ್, ಟಕ್. ಒತ್ತಕ್ಷರಕ್ಕೊಂದು ಟಕ್, ಪೂರ್ಣವಿರಾಮಕ್ಕೊಂದು ಟಕ್. ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಅವಳು ಗಣಿತ ಮಾಡುತ್ತಿದ್ದಾಳೋ ವಿಜ್ಞಾನವೋ ಹೇಳಬಲ್ಲವನಾದೆ. ಆ ಸದ್ದು ನಿಂತರೆ ಹುಡುಗಿ ತೂಕಡಿಸಿದಳೇನೋ ಎಂಬ ಚಿಂತೆ, ನಿಲ್ಲದಿದ್ದರೆ ತಲೆ ಚಿಟ್ಟು. ಸಂಕ್ರಾಂತಿಯ ಹೊತ್ತಿಗೆ ಕಾಲಿನ ಬುಡದಲ್ಲಿ ಹಳದಿ ಪುಡಿ ಉದುರತೊಡಗಿತು. ಸಾವಿತ್ರಿ ದಿನಾ ಗುಡಿಸಿ, ಮೊರಕ್ಕೆ ತುಂಬಿ, ನನ್ನ ಮುಂದೆ ಹಿಡಿದು, "ತಕಳಿ, ನಿಮ್ಮ ತೇಗ" ಎನ್ನುತ್ತಿದ್ದಳು. ತೇಗಕ್ಕೆ ಹುಳ ಬೀಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅಂದರೆ ಪುಟ್ಟಸ್ವಾಮಿ ನನಗೆ ಟೋಪಿ ಹಾಕಿದ್ದಾನೆ! ಮಂಡ್ಯದ ಗ್ರಾಹಕರ ವೇದಿಕೆಗೆ ಹೋಗಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ. ಅಲ್ಲಿಗೆ ಒಯ್ಯುವ ತನಕ ಮೇಜಿಗೆ ಯಾರೂ ಒಂದು ಮೊಳೆಯನ್ನೂ ಹೊಡೆಯಕೂಡದು, ಸಾಕ್ಷಿ ಕೆಡುತ್ತದೆ ಎಂದು ಮನೆಯಲ್ಲಿ ಆಜ್ಞೆ ಹೊರಡಿಸಿದೆ. ಆದರೆ ಇವತ್ತು ಪರೀಕ್ಷೆಯ ಪತ್ರಿಕೆ, ನಾಳೆ ಯಾರದೋ ಗೃಹಪ್ರವೇಶ, ಹೀಗೆ ದಿನ ಹೋದವು. ಮೇಜು ಕುಣಿಯುತ್ತಲೇ ಇತ್ತು.

ಪರೀಕ್ಷೆ ಸೋಮವಾರವೆಂದರೆ ಶುಕ್ರವಾರ ಸಂಜೆ ಅಕಾಲದ ಮಳೆ ಹೊಯ್ದು ಸೂರು ಸೋರಿತು. ಭಾನುವಾರ ಬೆಳಿಗ್ಗೆ ವಸಂತಾ ಡ್ರಾಯರು ಎಳೆದರೆ ಬರಲಿಲ್ಲ. ನಾನು ಎಳೆದೆ. ಹಿತ್ತಾಳೆಯ ಹಿಡಿ ಕೈಗೆ ಬಂತು, ಡ್ರಾಯರು ಬರಲಿಲ್ಲ. ನೀರು ಕುಡಿದು ಊದಿಕೊಂಡು ಕಚ್ಚಿ ಕೂತಿತ್ತು. "ಅಪ್ಪಾ, ಹಾಲ್ ಟಿಕೆಟ್ಟು ಅದರೊಳಗಿದೆ" ಎಂದಳು ವಸಂತಾ. ಸಾವಿತ್ರಿ ಹಿತ್ತಲಿನಿಂದ ಕೊಡಲಿಯನ್ನೇ ತಂದಳು. ನಾನು ಎರಡು ಕೈಯನ್ನೂ ಅಗಲಿಸಿ ಮೇಜಿಗೆ ಅಡ್ಡ ನಿಂತು, "ಮುಟ್ಟಬೇಡ! ಸಾಕ್ಷಿ!" ಎಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಯಾರ್ಗ್ರೀ ಸಾಕ್ಷಿ? ಮಗ್ಳು ಪರೀಕ್ಸೆಗೆ ಓಗೋದು ಬ್ಯಾಡ್ವಾ?" ಎಂದು ಸಾವಿತ್ರಿ ಕೂಗಿದಳು. ವಸಂತಾ ಕೂಗಲಿಲ್ಲ. "ನಿನ್ನ ಕೇಸು ಮುಗಿದ ಮೇಲೆ ನಾನು ಪರೀಕ್ಷೆ ಬರೀಲಾ ಅಪ್ಪಾ?" ಎಂದಳು, ಅಷ್ಟೇ. ಆದರೂ ಹಟ ನೋಡಿ, "ಒಂದು ಗಂಟೆ ತಡೆಯಿರಿ, ವಕೀಲರನ್ನು ಕೇಳಿ ಬರುತ್ತೇನೆ" ಎಂದು ಬಿಲ್ಲು ಹಿಡಿದು ಓಡಿದೆ.

ವಕೀಲ ಎಂದರೆ ಶಿವಲಿಂಗು. ನಾಗಮಂಗಲದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು ನನ್ನ ಉತ್ತರವನ್ನೇ ನಕಲು ಮಾಡಿ ಪಾಸಾದವನು. ಈಗ ನಮ್ಮೂರಿನ ಕೋರ್ಟಿನಲ್ಲಿ ದೊಡ್ಡ ಹೆಸರು. ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದ. ನಾನು ಕೂರದೆ, ಅತ್ತಿಂದಿತ್ತ ಓಡಾಡುತ್ತಲೇ ಎಲ್ಲ ಹೇಳಿ ಬಿಲ್ಲು ಕೊಟ್ಟೆ. ಅವನು ಅದನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದ.

"ಲೇ ಮೇಷ್ಟ್ರೇ, ಇದನ್ನ ಓದಿದ್ದೀಯೇನ್ಲಾ?"

"ಓದೋದೇನು, ತಿದ್ದಿದ್ದೇ ನಾನು."

"ಅದ್ಕೇ ಕೇಳಿದ್ದು. ತಿದ್ದಿದ್ದೀಯ. ಓದಿದ್ದೀಯಾ?"

ಅವನೇ ಗಟ್ಟಿಯಾಗಿ ಓದಿದ. ಪುಟ್ಟಸ್ವಾಮಿ ನೀಲಿ ಶಾಯಿಯಲ್ಲಿ ಬರೆದದ್ದು: 'ತೆಗದಂಗೆ ಇರೊ ಮೆಜು ವಂದು.' ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದು: 'ತೇಗದಂತಿರುವ ಮೇಜು ಒಂದು.' ಕೆಳಗೆ ನನ್ನ ಸಹಿ.

ನನಗೆ ಜಗಲಿ ತಿರುಗಿದಂತಾಯಿತು. ಮುಖವು ಚಂದ್ರನಂತಿದೆ ಎಂದರೆ ಮುಖ ಚಂದ್ರನಲ್ಲ, ಆದ್ದರಿಂದಲೇ ಅದು ಉಪಮಾಲಂಕಾರ ಎಂದು ಇಪ್ಪತ್ತು ವರ್ಷದಿಂದ, ವರ್ಷಕ್ಕೆ ಮೂರು ಸೆಕ್ಷನ್ನಿಗೆ, ಬೆತ್ತ ಹಿಡಿದು ಹೇಳಿಕೊಟ್ಟವನು ನಾನು. ಉಪಮಾನ ತೇಗ, ಉಪಮೇಯ ಮೇಜು, ಉಪಮಾವಾಚಕ 'ಅಂಗೆ'. ಆ 'ಅಂಗೆ'ಯನ್ನು ಕೈಯಾರೆ ಶುದ್ಧ ಮಾಡಿ, ಮೇಜು ತೇಗದ್ದಲ್ಲ ಎಂದು ರುಜು ಹಾಕಿಕೊಟ್ಟಿದ್ದೆ.

"ಅವ್ನು ಬರ್ದಂಗೇ ಬುಟ್ಟಿದ್ರೆ ಕೈಬರಹ ಅರ್ಥ ಆಗ್ನಿಲ್ಲ ಸ್ವಾಮಿ ಅಂತ ಏನಾರ ವಾದ ಮಾಡ್ಬೋದಾಗಿತ್ತು. ನೀನು ದುಂಡಗೆ ತಿದ್ದಿ ಸೈನ್ ಬೇರೆ ಮಡಗಿದ್ದೀಯಲ್ಲೋ!" ಶಿವಲಿಂಗು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ತೇಗ ಅಂತ ಮೋಸ ಮಾಡ್ದ ಅನ್ನೋದ ಮರ್ತ್ಬುಡು. ಆದ್ರೆ ಕಾಲು ಕುಣ್ಯೋದು, ಡ್ರಾಯರು ಕಚ್ಚೋದು ದೋಷ. ತೇಗ ಆಗ್ಲಿ ಮಾವಾಗ್ಲಿ, ಸರಿ ಮಾಡ್ಕೊಡು ಅಂತ ಕೇಳೋದು ನಿನ್ ಹಕ್ಕು. ಓಗು, ಮಾರ್ದೋನ್ನೇ ಕರ್ಕೊಂಡ್ ಬಂದು ತೆಗ್ಸು" ಎಂದ.

ಪಾಂಡವಪುರದ ಬಸ್ಸು ಹತ್ತಿದೆ. ಕೂತರೆ ಸೀಟು ಚುಚ್ಚಿದಂತಾಗಿ ಎದ್ದು ನಿಂತೆ. ಕಂಡಕ್ಟರು, "ಸೀಟ್ ಖಾಲಿ ಅದೆ ಸಾ, ಕೂತ್ಕಳಿ" ಎಂದರೂ ಕೂರಲಾಗಲಿಲ್ಲ. ಮಗಳ ಮಾತು ಕಿವಿಯಲ್ಲಿ ಟಕ್ ಟಕ್ ಎನ್ನುತ್ತಿತ್ತು. ಪುಟ್ಟಸ್ವಾಮಿ ನನ್ನ ಬೈಗುಳವನ್ನೆಲ್ಲ ಕೇಳಿ, "ನಾನೆಲ್ಲಿ ತೇಗ ಅಂದೆ ಮೇಷ್ಟ್ರೇ? ತೇಗದಂಗೆ ಅಂದೆ. ನೀವೂ ಊಂ ಅಂತ ಬರ್ಕೊಟ್ರಿ" ಎಂದ. ಆದರೆ ಹಾಲ್ ಟಿಕೆಟ್ಟಿನ ವಿಷಯ ಬಂದ ಕೂಡಲೇ ಅವನ ಮುಖ ಬದಲಾಯಿತು. "ಅಯ್ಯೋ ಶಿವನೇ, ಮೊದ್ಲೇ ಯೋಳ್ಬಾರ್ದಾ!" ಎಂದವನೇ ಉಳಿ, ಸುತ್ತಿಗೆ, ಕೀಸುಳಿ ಚೀಲಕ್ಕೆ ತುಂಬಿ ಮೊಪೆಡ್ಡಿನ ಹಿಂದೆ ನನ್ನನ್ನೂ ಹೇರಿಕೊಂಡು ಹೊರಟ.

ಮನೆಗೆ ಬಂದರೆ ವಸಂತಾ ಟ್ರಂಕಿನ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ಪಕ್ಕದಲ್ಲಿ ಹಾಲ್ ಟಿಕೆಟ್ಟು! ಸಾವಿತ್ರಿ ಕೊಡಲಿ ಎತ್ತಿದಳೇ ಎಂದು ಮೇಜಿನ ಕಡೆ ನೋಡಿದೆ. ಮೇಜು ನೆಟ್ಟಗೇ ನಿಂತಿತ್ತು. "ಕೆಳಗೆ ಮಲಗಿಕೊಂಡು ತಳ ತಟ್ಟಿ ನೋಡಿದೆ ಅಪ್ಪ. ಡ್ರಾಯರಿನ ತಳದ ಹಲಗೆಗೆ ಎರಡೇ ಮೊಳೆ ಹೊಡೆದಿದ್ದರು. ಬೆರಳಲ್ಲಿ ಎಳೆದರೆ ಬಂದುಬಿಡ್ತು" ಎಂದಳು ವಸಂತಾ.

ಪುಟ್ಟಸ್ವಾಮಿ ಎದೆಯುಬ್ಬಿಸಿ ನನ್ನ ಕಡೆ ತಿರುಗಿದ. "ನೋಡಿದ್ರಾ ಮೇಷ್ಟ್ರೇ? ಅದೇ ತೇಗ ಆಗಿದ್ರೆ ಬತ್ತಿತ್ತಾ?"

ಇದಕ್ಕೆ ನಾನು ಯಾವ ವೇದಿಕೆಯಲ್ಲಿ ಉತ್ತರ ಕೊಡಲಿ? ಸಾವಿತ್ರಿ ಮಾತ್ರ ಬಿಡಲಿಲ್ಲ. ಹುಳ ತಿಂದ ಕಾಲು ಬದಲಾಯಿಸಿ, ಡ್ರಾಯರು ಕೀಸಿ, ತಳಕ್ಕೆ ಎಂಟು ಮೊಳೆ ಹೊಡೆಯುವ ತನಕ ಅವನಿಗೆ ಕಾಫಿ ಕೊಡಲಿಲ್ಲ. ಕಾಲಿಗೆ ಬೇಕಾದ ಮರವನ್ನು ಅವನು ನಮ್ಮೂರಿನ ಸಾಮಿಲ್ಲಿನವನನ್ನು ಮನೆಯಿಂದ ಎಬ್ಬಿಸಿ ತಂದ. ನನ್ನ ಭಾಷಣ, ನನ್ನ ಬಿಲ್ಲು, ನನ್ನ ಶಪಥ ಯಾವುದೂ ಮಾಡದ್ದನ್ನು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ಮಾಡಿಸಿದಳು. ಹೊರಡುವಾಗ ಪುಟ್ಟಸ್ವಾಮಿ, "ರಿಪೇರಿ ಮಾಡ್ಕೊಟ್ಟಿವ್ನಿ ಅಂತ ಬರ್ಕೊಡ್ಲಾ? ನೀವು ತಿದ್ಕಳೀರಂತೆ" ಎಂದ. ಬೇಡ ಎಂದು ಕೈಮುಗಿದೆ. ಬೇಡ ಎಂದು ಬಾಯಿ ಹೇಳುತ್ತಿದ್ದಾಗ ಬೆರಳು ಜೇಬಿನಲ್ಲಿ ಪೆನ್ನು ತಡಕುತ್ತಿತ್ತು.

ಸೋಮವಾರ ಮೊದಲ ಪತ್ರಿಕೆ ಕನ್ನಡ. ಮಗಳು ಬರುವ ತನಕ ನಾನು ಬಾಗಿಲಿಗೂ ಗೇಟಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಬಂದವಳು ನಗುತ್ತ ಬಂದಳು. "ಉಪಮಾಲಂಕಾರಕ್ಕೆ ಸ್ವಂತ ಉದಾಹರಣೆ ಕೊಡಿ ಅಂತ ಕೇಳಿದ್ದರು ಅಪ್ಪ. ನಮ್ಮ ಮೇಜನ್ನೇ ಬರೆದೆ."

ಹುಡುಗಿ ನನ್ನನ್ನು ಕ್ಷಮಿಸಿದ್ದಾಳೆ ಎಂದು ಆ ನಗುವಿನಲ್ಲೇ ಗೊತ್ತಾಯಿತು. ಅವಳನ್ನು ಹತ್ತಿರ ಕರೆದು ತಲೆ ಸವರಬೇಕಿತ್ತು. ನಿನ್ನೆ ತಪ್ಪು ಮಾಡಿದೆ ಕಣಮ್ಮ ಎನ್ನಬೇಕಿತ್ತು. ಅದನ್ನು ಹೇಳಲೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಮಾತ್ರ:

"ತೇಗದಂತೆ ಅಂತ ತಾನೇ ಬರೆದದ್ದು? 'ಅಂಗೆ' ಅಂತ ಬರೆದುಬಿಟ್ಟಿಲ್ಲ ತಾನೇ?"