ವಾಲ್ವ್ ಬಿಸಿಯಾಗುವ ಹೊತ್ತು

ಇಂದ:
ಶ್ರೀಮತಿ ವನಜಾಕ್ಷಿ,
ಅಡುಗೆಮನೆ, ಸಂತೇಬೆನ್ನೂರು,
ಚನ್ನಗಿರಿ ತಾಲ್ಲೂಕು.

ಗೆ:
ಶ್ರೀ ಗುರುಬಸವರಾಜ್ ಅವರು,
ಅರ್ಜಿದಾರಳ ಪತಿ,
ನಡುಮನೆ, ಅದೇ ಮನೆ.

ವಿಷಯ: ಹಳೆಯ ವಾಲ್ವ್ ಆಂಪ್ಲಿಫೈಯರ್‌ನ ಎಡಗಡೆಯ ಸದ್ದನ್ನೂ ಯಜಮಾನರ ಮಾತನ್ನೂ ಪುನಃ ಚಾಲ್ತಿಗೆ ತರುವ ಬಗ್ಗೆ.

ಉಲ್ಲೇಖ: 1. ಆಯುಧಪೂಜೆಯ ದಿನ ನೆಂಟರ ಮುಂದೆ ತಾವು ಆಡಿದ ಮಾತು.
2. ಅಂದಿನಿಂದ ಆಡದ ಮಾತುಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರಳು ತಮ್ಮೊಂದಿಗೆ ಒಂದೇ ಸೂರಿನಡಿ ವಾಸವಿದ್ದರೂ, ಬಾಯಿಮಾತಿನ ದಾರಿ ಬಂದ್ ಆಗಿರುವ ಕಾರಣ ಕಾಗದದ ದಾರಿ ಹಿಡಿದಿದ್ದಾಳೆ.

1. ಆಂಪ್ಲಿಫೈಯರ್ ಆರಿಸಲು ಹೊರಟಾಗ ತಾವು ಅರ್ಜಿದಾರಳನ್ನೂ ಕರೆದೊಯ್ದಿದ್ದಿರಿ. ನ್ಯಾಮತಿಯಲ್ಲಿ ನೋಡಿದ ಸೆಟ್ಟು ಮದುವಣಗಿತ್ತಿಯಂತೆ ಮಿಂಚುತ್ತಿತ್ತು. ತಾವು ಮರುಳಾಗಿ ನಿಂತಿರಿ. ಉರಿಯುತ್ತಿದ್ದ ಗಾಜಿನ ಬುರುಡೆಯಂಥ ವಾಲ್ವಿನ ಮೇಲೆ ಕೈಯಿಟ್ಟು, "ಇದು ತಣ್ಣಗೈತೆ ಕಣ್ರೀ, ಒಳಗೆ ಬರೀ ಶೋಕಿ ದೀಪ" ಎಂದವಳು ಅರ್ಜಿದಾರಳು. ಒಲೆಯ ಮುಂದೆ ಬಾಳಿದವಳಿಗೆ ಬಿಸಿ ಯಾವುದು, ಬರೀ ಬೆಳಕು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದಲೇ ಜಗಳೂರಿನ ಹಳೇ ಮೈಕ್‌ಸೆಟ್ ಅಂಗಡಿಯ ಮಲ್ಲಿಕಾರ್ಜುನಪ್ಪನವರ ಬಳಿ ಧೂಳು ತಿನ್ನುತ್ತಿದ್ದ ಸೆಟ್ಟು ನಮ್ಮ ಮನೆ ಸೇರಿತು.

2. ಊದಿಕೊಂಡ ಕೆಪಾಸಿಟರ್‌ಗಳನ್ನು ಕಿತ್ತು ತಾವು ಹೊಸದನ್ನು ಬೆಸೆದಿರಿ. ಕರಕರ ಎನ್ನುತ್ತಿದ್ದ ವಾಲ್ಯೂಮಿನ ತಿರುಪು ತೊಳೆದಿರಿ. ಟಾರ್ಚ್ ಹಿಡಿದು ನಿಂತವಳು ಅರ್ಜಿದಾರಳು. ಸಾರು ಸೀದದ್ದು ಅದೇ ಕಾರಣಕ್ಕೆ. ಮೊದಲ ಸಲ ಎರಡೂ ಸ್ಪೀಕರ್‌ಗಳಲ್ಲಿ ಹಾಡು ಬಂದಾಗ ತಾವು ಅವಳ ಕೈ ಹಿಡಿದು, "ನೋಡು, ತಬಲಾ ಅಲ್ಲೈತೆ, ಕೊಳಲು ಇಲ್ಲೈತೆ" ಎಂದು ತೋರಿಸಿದಿರಿ. ಮದುವೆಯ ಫೋಟೋದಲ್ಲೂ ತಾವು ಅಷ್ಟು ನಕ್ಕಿಲ್ಲ. ಅರ್ಜಿದಾರಳಿಗೆ ಆ ದಿನ ಬಹಳ ಸಂತೋಷವಾಗಿತ್ತು.

3. ಆಯುಧಪೂಜೆಯಂದು ಸ್ಕೂಟರ್, ಮಿಕ್ಸಿ, ಅಡಕತ್ತರಿ ಎಲ್ಲಕ್ಕೂ ವಿಭೂತಿ ಸಂದಿತ್ತು. ಹಾಡುತ್ತಿದ್ದ ಸೆಟ್ಟಿನ ಕಾದ ವಾಲ್ವಿಗೂ ಅರ್ಜಿದಾರಳು ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದಳು. ಬಿಸಿ ಬಲ್ಲವಳು ಹೀಗೇಕೆ ಮಾಡಿದಳೆಂದರೆ, ಭಕ್ತಿಯ ಭರದಲ್ಲಿ ಅದು ನೆನಪಾಗಲಿಲ್ಲ. ಗಾಜು ಟಪ್ಪೆಂದು ಸೀಳಿ ಎಡಗಡೆ ಮೂಕವಾಯಿತು.

"ಬುದ್ಧಿ ಐತೇನೇ ನಿಂಗೆ? ವಿಭೂತಿ ಬಳಿಯಾಕೆ ಇದೇನು ನೇಗಿಲಾ?" ಎಂದಿರಿ.

"ಎಲ್ಲಾದಕ್ಕೂ ಹಚ್ಚಿ ಇದೊಂದನ್ನ ಬಿಟ್ರೆ ಹೆಂಗ್ರೀ? ಇದೂ ಮನೇದೇ ಅಲ್ವಾ?" ಎಂದಳು.

ನೆಂಟರು ನಕ್ಕರು. ತಾವು ಸೀಳಿದ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿದಿರಿ. ಅದಕ್ಕೆ ತಾಗಿ ಸುಟ್ಟ ಅವಳ ಬೆರಳನ್ನು ನೋಡಲಿಲ್ಲ. ಅರ್ಜಿದಾರಳಿಗೆ ಬೇಸರವಾದದ್ದು ಅದಕ್ಕೆ.

4. ತದನಂತರ ಮನೆಯಲ್ಲಿ "ಊಟ?" "ಹ್ಞೂಂ" ಬಿಟ್ಟರೆ ಬೇರೆ ಸದ್ದಿಲ್ಲ. ಆದ ಕಾರಣ ಮೊನ್ನೆ ಅರ್ಜಿದಾರಳು ಒಡೆದ ವಾಲ್ವನ್ನು ಸೆರಗಲ್ಲಿ ಕಟ್ಟಿಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರು ಮುಟ್ಟಿದಳು.

"ಒಂದು ಕಡೆ ಹಾಡ್ತೈತಲ್ಲ ತಾಯಿ, ಹಂಗೇ ನಡೆಸ್ರಿ" ಎಂದರು ಮಲ್ಲಿಕಾರ್ಜುನಪ್ಪ.

"ಸೆಟ್ಟು ನಡೀತೈತ್ರೀ, ಮನೆ ನಡೀತಿಲ್ಲ."

ಅವರು ಹಳೇ ಡಬ್ಬಿ ತಡಕಿ, ಅದೇ ನಂಬರಿನ ವಾಲ್ವನ್ನು ಕೈಗಿಟ್ಟರು.

ಆದ್ದರಿಂದ, ಲಗತ್ತಿಸಿದ ವಾಲ್ವನ್ನು ತಾವೇ ಕೂರಿಸತಕ್ಕದ್ದು. ಮುಂದಿನ ಆಯುಧಪೂಜೆಗೆ ಸೆಟ್ಟನ್ನು ಮೊದಲೇ ಬಂದ್ ಮಾಡಿ ತಣಿಸಿಕೊಡತಕ್ಕದ್ದು. ವಿಭೂತಿ ಬಿಡುವ ಪ್ರಶ್ನೆಯೇ ಇಲ್ಲ. ಕೊನೆಯದಾಗಿ, ಸ್ವಿಚ್ ಹಾಕಿದ ಮೇಲೆ ವಾಲ್ವ್ ಬಿಸಿಯಾಗಿ ಹಾಡು ಹೊರಡುವ ತನಕ ಅರ್ಧ ನಿಮಿಷ ಏನೂ ಕೇಳಿಸುವುದಿಲ್ಲವಷ್ಟೆ. ಯಾರ ಉಪಯೋಗಕ್ಕೂ ಬಾರದ ಸದರಿ ಅರ್ಧ ನಿಮಿಷವನ್ನು ದಿನವೂ ಅರ್ಜಿದಾರಳಿಗೆ ಮಂಜೂರು ಮಾಡಿ, ಆ ಹೊತ್ತಿನಲ್ಲಿ ಅವಳೊಡನೆ ಮಾತಾಡಬೇಕಾಗಿ ವಿನಂತಿ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ವನಜಾಕ್ಷಿ

ಲಗತ್ತುಗಳು:
1. ವಾಲ್ವ್, ಒಂದು. ಹತ್ತಿಯಲ್ಲಿ ಸುತ್ತಿದೆ.
2. ಕಾಫಿ, ಒಂದು ಲೋಟ. ಆರುವುದರೊಳಗೆ ಆದೇಶ ಹೊರಡಿಸುವುದು.
3. ಬೆರಳು. ಲಗತ್ತಿಸಲು ಬರುವುದಿಲ್ಲವಾದ್ದರಿಂದ, ತಾವೇ ಅಡುಗೆಮನೆಗೆ ಬಂದು ನೋಡುವುದು.