ಸಾಹೇಬ ಮಲಗಿದ ಜಾಗ

ಆ ದಿನ ಶುರುವಾದದ್ದೇ ಒಂದು ಬಕೆಟ್ಟಿನಿಂದ. ಕಿವಿಯಣ್ಣ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಬಕೆಟ್ಟು ತುಂಬಲಿ ಎಂದು ಬಿಟ್ಟು, ಅದಕ್ಕೆ ಬೆನ್ನು ಹಾಕಿ ಕನ್ನಡಿಯ ಮುಂದೆ ಗಡ್ಡ ಹೆರೆಯಲು ನಿಂತ. ಬಕೆಟ್ಟು ತುಂಬಿತು, ಉಕ್ಕಿತು. ನೀರು ಹೊಸ್ತಿಲು ದಾಟಿ ನಡುಮನೆಗೆ ಬಂದು, ಹೆಂಡತಿಯ ಚಪ್ಪಲಿಗಳನ್ನು ತೇಲಿಸಿಕೊಂಡು ಬಾಗಿಲವರೆಗೆ ಹೋಯಿತು. ಕಿವಿಯಣ್ಣ ಆಗಷ್ಟೇ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬಂದಿದ್ದ. ಕೆಳಮನೆಯ ದರ್ಜಿ ತಲೆ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದು ದಬದಬ ಬಾಗಿಲು ಬಡಿದ. ಅದೂ ಅವನಿಗೆ ಕೇಳಿಸಲಿಲ್ಲ.

“ಊರಿನ ನೀರು ಸೋರೋದನ್ನ ಹಿಡಿಯೋರ ಮನೇಲೇ ಹಿಂಗಾದ್ರೆ ಹೆಂಗಮ್ಮ?” ಎಂದು ದರ್ಜಿ ಕೇಳಿದ್ದಕ್ಕೆ ಹೆಂಡತಿ, ಅವರು ಯಾವುದೋ ಯೋಚನೆಯಲ್ಲಿದ್ದರು ಎಂದು ಹೇಳಿ ಕಳಿಸಿದಳು. ಆರು ವರ್ಷದಿಂದ ಅವಳು ಎಲ್ಲರಿಗೂ ಹಾಗೆಯೇ ಹೇಳಿ ಕಳಿಸುತ್ತಿದ್ದಳು. ಕಿವಿಯಣ್ಣನಷ್ಟು ಯೋಚನೆ ಮಾಡುವ ಮನುಷ್ಯ ಬೀದಿಯಲ್ಲಿ ಇನ್ನೊಬ್ಬನಿಲ್ಲ ಎಂಬ ಹೆಸರೇ ಬಂದುಬಿಟ್ಟಿತ್ತು.

ಕಿವಿಯಣ್ಣ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷದಿಂದ ಸೋರಿಕೆ ಹುಡುಕುವವನು. ಎದೆಯೆತ್ತರದ ಒಂದು ಕಬ್ಬಿಣದ ಸರಳು, ಅದರ ತುದಿಗೆ ಬಟ್ಟಲಿನಂಥ ಬಿಲ್ಲೆ. ಸರಳನ್ನು ನೆಲಕ್ಕೂರಿ ಬಿಲ್ಲೆಗೆ ಕಿವಿ ಹಚ್ಚಿದರೆ, ಮಣ್ಣಿನಡಿ ಒಡೆದ ಕೊಳವೆ ಬುಸುಗುಡುವುದು ಕೇಳಿಸುತ್ತದೆ. ಹರೆಯದಲ್ಲಿ ಅವನ ಕಿವಿ ಎಷ್ಟು ಚುರುಕಾಗಿತ್ತೆಂದರೆ, ಅವನು ರಸ್ತೆಯಲ್ಲಿ ಬರುತ್ತಿದ್ದರೆ ಜನ ಮನೆಯೊಳಗೂ ಗುಟ್ಟು ಮಾತಾಡುತ್ತಿರಲಿಲ್ಲ. ಹೆಸರು ಬಂದದ್ದೇ ಹಾಗೆ. ಆದರೆ ಆರು ವರ್ಷದ ಹಿಂದೆ ಬಲಗಿವಿ ಪೂರ್ತಿ ಅಂಗಡಿ ಮುಚ್ಚಿತು. ಎಡಗಿವಿ ಅರ್ಧ ಬಾಗಿಲು ಹಾಕಿಕೊಂಡು, ತೀರಾ ಬೇಕಾದ ಗಿರಾಕಿಗೆ ಮಾತ್ರ ವ್ಯಾಪಾರ ಮಾಡುತ್ತಿತ್ತು. ಹೆಸರು ಮಾತ್ರ ಹಾಗೇ ಉಳಿಯಿತು.

ಮತ್ತೆ ಸೋರಿಕೆ ಸಿಗುತ್ತಿದ್ದದ್ದು ಹೇಗೆ? ಅದಕ್ಕೆ ಸಾಹೇಬನಿದ್ದ. ಸಾಹೇಬ ಒಂದು ಕಂದು ಬಣ್ಣದ ಬೀದಿನಾಯಿ. ದಿನವಿಡೀ ಬಿದ್ದುಕೊಂಡಿರುವುದು, ಯಾರೇ ಬಂದರೂ ಒಂದೇ ಕಣ್ಣು ತೆರೆದು ನೋಡುವುದು, ಈ ಗುಣ ಕಂಡು ಕಿವಿಯಣ್ಣನೇ ಇಟ್ಟ ಹೆಸರು ಅದು. ಬಿಸಿಲಿನ ದಿನ ಸಾಹೇಬ ಸಿಕ್ಕಸಿಕ್ಕಲ್ಲಿ ಮಲಗುತ್ತಿರಲಿಲ್ಲ. ಮೂಸಿ, ಮೂರು ಸುತ್ತು ಹಾಕಿ, ಕೆರೆದು ನೋಡಿ, ಒಳಗಿನಿಂದ ತಂಪು ಬರುವ ನೆಲಕ್ಕೇ ಹೊಟ್ಟೆಯೂರುತ್ತಿದ್ದ. ಅಂಥ ಜಾಗದ ಕೆಳಗೆ ಹತ್ತಕ್ಕೆ ಒಂಬತ್ತು ಸಲ ಕೊಳವೆ ಒಡೆದಿರುತ್ತಿತ್ತು. ಕಿವಿಯಣ್ಣ ಹೋಗಿ ಅವನನ್ನು ಎಬ್ಬಿಸಿ, ಅಲ್ಲಿ ಸರಳೂರಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ನೂರರವರೆಗೆ ಎಣಿಸಿ, “ಇಲ್ಲೇ” ಎನ್ನುತ್ತಿದ್ದ. ದಿನಕ್ಕೆ ನಾಲ್ಕು ಬಿಸ್ಕತ್ತು ಸಾಹೇಬನ ಸಂಬಳ.

ಆದರೆ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅಷ್ಟು ದಿನ ಈ ನಾಟಕ ಎಳೆಯಲು ಅವನಿಗೆ ಧೈರ್ಯವಿರಲಿಲ್ಲ. ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕುರ್ಚಿ ಖಾಲಿಯಾಗಿತ್ತು. ತಲೆಯ ಮೇಲೆ ಫ್ಯಾನು, ಮುಂದೊಂದು ದಪ್ಪ ಪುಸ್ತಕ. ಅಲ್ಲಿ ಕೂರುವವನಿಗೆ ಕಿವಿ ಕೇಳಿಸಲೇಬೇಕೆಂದೇನೂ ಇರಲಿಲ್ಲ; ಇದುವರೆಗೆ ಕೂತವರಾರಿಗೂ ಕೇಳಿಸಿದ ದಾಖಲೆಯಿಲ್ಲ. ಕಿವಿಯಣ್ಣ ಅರ್ಜಿ ಹಾಕಿದ. ಇಂಜಿನಿಯರ್ ಮೇಡಂ ಆದೇಶ ಬೆರಳಚ್ಚು ಮಾಡಿಸಿ, ನೀರಹಬ್ಬ ಮುಗಿಸಿಕೊಂಡು ಅಲ್ಲೇ ಸಹಿ ಹಾಕುತ್ತೇನೆ ಎಂದಿದ್ದರು.

ನೀರಹಬ್ಬ ಎಂದರೆ ಕಚೇರಿಯೂ ಶಾಲೆಯೂ ಸೇರಿ ಮಕ್ಕಳಿಗಾಗಿ ನಡೆಸುವ ಒಂದು ದಿನದ ಗಲಾಟೆ. ಮಕ್ಕಳು ಓದುವುದಿಲ್ಲ, ಕೈಯಾರೆ ಮಾಡಿ ಕಲಿಯುತ್ತಾರೆ.

ಬಕೆಟ್ಟು ಉಕ್ಕಿದ ಆ ಬೆಳಿಗ್ಗೆ ಹಬ್ಬಕ್ಕೆ ಹೊರಡುವಾಗ ಹೆಂಡತಿ ಎಚ್ಚರಿಸಿದಳು. “ನೋಡಿ, ಕಿವಿ ಹೋಗಿದೆ ಅಂತ ಗೊತ್ತಾದ್ರೆ ಕುರ್ಚಿ ಹಾಗಿರಲಿ, ಮನೆಗೇ ಕಳಿಸ್ತಾರೆ. ಇವತ್ತೊಂದು ದಿನ ಯಾರೇನಂದ್ರೂ ‘ಆಂ?’ ಅನ್ಬೇಡಿ. ಆ ಒಂದು ಅಕ್ಷರ ಬಾಯಿಂದ ಬರಬಾರದು.”

“ಆಂ?” ಎಂದ ಕಿವಿಯಣ್ಣ.

ಅವಳು ಹಣೆ ಚಚ್ಚಿಕೊಂಡು, ಇನ್ನೊಮ್ಮೆ ಅವನ ಮುಖದ ಮುಂದೆ ನಿಂತು ತುಟಿಯಾಡಿಸಿ ಹೇಳಿದಳು.

ಶಾಲೆಯ ಮೈದಾನದಲ್ಲಿ ಆಗಲೇ ಮುನ್ನೂರು ಮಕ್ಕಳು ಅರ್ಧರ್ಧ ಒದ್ದೆಯಾಗಿದ್ದರು. ಒಂದು ಮಳಿಗೆಯಲ್ಲಿ ಮರಳು, ಇದ್ದಿಲು ತುಂಬಿದ ಡಬ್ಬದಲ್ಲಿ ಕೆಸರುನೀರು ಸೋಸುತ್ತಿದ್ದರು. ಇನ್ನೊಂದರಲ್ಲಿ ತುಂಬಿದ ಕೊಡ ಹೊತ್ತು ಮೈದಾನ ಸುತ್ತಿ, ನೀರು ಹೊರುವವರ ಕಷ್ಟ ತಿಳಿಯುತ್ತಿದ್ದರು. ತಿಳಿದಷ್ಟು ತಿಳಿದು ಉಳಿದದ್ದನ್ನು ಪಕ್ಕದವರ ತಲೆಗೆ ಸುರಿಯುತ್ತಿದ್ದರು. ಕಿವಿಯಣ್ಣನ ಮಳಿಗೆಗೆ ‘ನೆಲದ ಮಾತು ಕೇಳಿ’ ಎಂದು ಹೆಸರು. ಉದ್ದನೆಯ ಮರಳಿನ ತೊಟ್ಟಿ, ಅದರೊಳಗೆ ಹೂತ ಮೂರು ಕೊಳವೆ. ವಿಜ್ಞಾನದ ಮೇಷ್ಟ್ರು ಪರದೆಯ ಹಿಂದೆ ಕೂತು ಪ್ರತಿ ಸಲವೂ ಒಂದು ಕೊಳವೆಯಲ್ಲಿ ಗುಟ್ಟಾಗಿ ಸೋರಿಕೆ ತೆರೆಯುವುದು, ಮಕ್ಕಳು ಸರಳಿಗೆ ಕಿವಿಗೊಟ್ಟು ಹುಡುಕುವುದು, ಯಾವುದೆಂದು ಕಿವಿಯಣ್ಣ ಕೊನೆಗೆ ಕೇಳಿ ತೀರ್ಪು ಹೇಳುವುದು.

ತೀರ್ಪು ಎನ್ನುವಾಗ ಕಿವಿಯಣ್ಣನಿಗೆ ಬೆವರು ಬಂತು. ಮೊದಲ ಗುಂಪು ಬಂದು, ಯಾವುದು ಮಾಮಾ ಎಂದು ಅವನ ಬಾಯಿಯನ್ನೇ ನೋಡತೊಡಗಿತು. ಅವನು ಬಗ್ಗಿ ಒಂದೊಂದೇ ಮಗುವಿನ ಮುಖದ ಹತ್ತಿರ ಮುಖ ತಂದು, ನಿನಗೇನು ಕೇಳಿಸಿತು, ಎಲ್ಲಿ ಕೇಳಿಸಿತು, ಹೇಗೆ ಕೇಳಿಸಿತು ಎಂದು ವಿಚಾರಿಸಿದ. ತುಟಿಗಳನ್ನು ಓದಿದ. ಹೆಚ್ಚು ಮಕ್ಕಳು ಬೆರಳು ತೋರಿದ ಕೊಳವೆಗೆ ಸರಳೂರಿ, ನೂರರವರೆಗೆ ಎಣಿಸಿ, “ನೀವು ಹೇಳಿದ್ದೇ ಸರಿ” ಎಂದ. ಪರದೆ ಸರಿಯಿತು. ಸರಿಯಾಗಿತ್ತು. ಎರಡನೇ ಗುಂಪಿಗೂ ಹಾಗೇ, ಐದನೇ ಗುಂಪಿಗೂ ಹಾಗೇ.

ಮುಖ್ಯೋಪಾಧ್ಯಾಯಿನಿ ದೂರದಲ್ಲಿ ನಿಂತು ನೋಡಿದವರು ಕಣ್ಣಂಚು ಒರೆಸಿಕೊಂಡರು. ಇಪ್ಪತ್ತೈದು ವರ್ಷದಲ್ಲಿ ಹೀಗೆ ಪಾಠ ಮಾಡುವವರನ್ನು ಕಂಡಿಲ್ಲ, ಉತ್ತರ ಬಾಯಿಗೆ ತುರುಕುವುದಿಲ್ಲ, ಮಕ್ಕಳಿಂದಲೇ ತೆಗೆಸುತ್ತಾರೆ ಎಂದು ಹೋಗಿ ಇಂಜಿನಿಯರ್ ಮೇಡಂಗೆ ಹೇಳಿದರು. ಮೇಡಂ ಪಕ್ಕದಲ್ಲೇ ಮೀಟರ್ ನಿಂತಿದ್ದ. ಮನೆಮನೆಯ ಮೀಟರು ಓದುವ ಇವನಿಗೆ ಅದೇ ಹೆಸರು ಅಂಟಿತ್ತು. ಅವನ ಕಣ್ಣೂ ಆ ಕುರ್ಚಿಯ ಮೇಲಿತ್ತು.

ಅಷ್ಟರಲ್ಲಿ ಸಾಹೇಬ ಬಂದ. ಶಾಲೆಯ ಗೇಟು ದಿನವೂ ಮುಚ್ಚಿರುತ್ತಿತ್ತು; ಹಬ್ಬವೆಂದು ಇವತ್ತು ಹಾರುಹೊಡೆದಿತ್ತು. ಹತ್ತು ಗಂಟೆಯ ಬಿಸ್ಕತ್ತು ಬಾರದ್ದನ್ನು ಕಂಡು ವಿಚಾರಿಸಲು ಬಂದವನಂತೆ ಗಂಭೀರವಾಗಿ ಬಂದು ಕಿವಿಯಣ್ಣನ ಕೈ ನೆಕ್ಕಿದ.

“ಏನಣ್ಣ, ನಿನ್ನ ನಾಯಿ ಇಲ್ಲಿಗೂ ಬಂತಲ್ಲ,” ಎಂದ ಮೀಟರ್, ಎದುರಿಗೇ ಬಂದು ನಿಂತು. “ನೀನು ಎಲ್ಲಿ ಅಗೆಸಿದ್ರೂ ಇದು ಅಲ್ಲಿರುತ್ತಪ್ಪ.”

ಕಿವಿಯಣ್ಣ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡ. “ನನ್ನ ನಾಯಿ ಯಾಕಾಗುತ್ತೆ? ಇದನ್ನ ನಾನು ನೋಡ್ತಿರೋದೇ ಇವತ್ತು. ನಂಗೂ ಇದಕ್ಕೂ ಏನೂ ಸಂಬಂಧ ಇಲ್ಲ,” ಎಂದ. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಗೊತ್ತಾಗುವುದಿಲ್ಲ. ಆ ಮಾತು ಮೈದಾನದ ಆ ತುದಿಯಲ್ಲಿದ್ದ ಮೇಡಂವರೆಗೂ ಮುಟ್ಟಿತು. ಸಾಹೇಬ ಒಂದೇ ಕಣ್ಣಿನಿಂದ ಅವನನ್ನು ನೋಡಿ, ಬಾಲ ಇಳಿಸಿ, ಆಚೆ ನಡೆದ.

ಮಧ್ಯಾಹ್ನ ಮೇಡಂ ಮೈಕು ಹಿಡಿದರು. ಮೀಟರ್ ಅವರ ಕಿವಿಯಲ್ಲಿ ಏನೋ ಹೇಳಿ ಹಲ್ಲು ಕಿರಿಯುತ್ತ ಹಿಂದೆ ಸರಿದದ್ದು ಕಿವಿಯಣ್ಣನಿಗೆ ಕಂಡಿತು. ಮೈಕಿನ ಮಾತು ಮಾತ್ರ ಅವನಿಗೆ ತಗಡಿನ ಮೇಲೆ ಕಾಳು ಸುರಿದಂತೆ ಕೇಳಿಸಿತು. ಮುನ್ನೂರು ಮಕ್ಕಳು ಒಟ್ಟಿಗೆ ತನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಹೊಗಳಿಕೆಯಿರಬೇಕು ಎಂದುಕೊಂಡು ಅವನು ಎರಡೂ ಕೈ ಜೋಡಿಸಿ, ಧಾರಾಳವಾಗಿ ತಲೆಯಾಡಿಸಿ ಒಪ್ಪಿದ. ಚಪ್ಪಾಳೆ ಇಮ್ಮಡಿಯಾಯಿತು. ಇಬ್ಬರು ಕೂಲಿಯವರು ಹಾರೆ ಗುದ್ದಲಿ ಹಿಡಿದು ಬರುವುದು ಕಂಡಾಗ ಮಾತ್ರ ಅವನು ಜೋಡಿಸಿದ ಕೈ ಇಳಿಸಿದ.

‘ಆಂ?’ ನಾಲಗೆಯ ತುದಿಗೇ ಬಂತು. ಅದನ್ನು ನುಂಗಿ, ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿಯತ್ತ ಬಗ್ಗಿ, “ಮೇಡಂ ಹೇಳಿದ್ದು ನಿಂಗೆಷ್ಟು ಅರ್ಥ ಆಯ್ತು, ಹೇಳು ಪುಟ್ಟಿ,” ಎಂದ.

ಹುಡುಗಿ ಬಾಯಿ ಅಗಲಿಸಿ ಪಾಠ ಒಪ್ಪಿಸಿದಳು. ಶಾಲೆಯ ಹಿಂದಿನ ಮನೆಗಳಿಗೆ ಮೂರು ವಾರದಿಂದ ನೀರು ಬರುತ್ತಿಲ್ಲ. ಅಲ್ಲಿಗೆ ಹೋಗುವ ದೊಡ್ಡ ಕೊಳವೆ ಈ ಮೈದಾನದ ಕೆಳಗಿದೆ. ಮರಳಿನ ಆಟ ಸಾಕು, ಈಗ ಮಾಮ ನಿಜವಾದ ನೆಲದ ಮಾತು ಕೇಳಿ ತೋರಿಸುತ್ತಾರೆ. ಅವರು ಹೇಳಿದ ಕಡೆ ಅಗೆಯುತ್ತಾರೆ. “ನೀವು ಆಗ್ಲಿ ಅಂದ್ರಲ್ಲ ಮಾಮಾ.”

ಆ ಮೂರು ವಾರದ ದೂರಿಗೆ ಎರಡು ಸಲ ಹೋಗಿ ಬಂದು, ಸೋರಿಕೆ ಇಲ್ಲ ಎಂದು ಬರೆದುಕೊಟ್ಟವನು ಕಿವಿಯಣ್ಣನೇ. ಆ ಬೀದಿಗಳಲ್ಲಿ ಸಾಹೇಬ ಎಲ್ಲೂ ಮಲಗಿರಲಿಲ್ಲ, ಅದಕ್ಕೇ. ಈಗ ಸಿಕ್ಕರೆ ಆಗ ಬರೆದದ್ದು ಸುಳ್ಳು, ಸಿಗದಿದ್ದರೆ ಕಿವಿಯೇ ಸುಳ್ಳು. ಸರಳು ಹಿಡಿದು ಅವನು ಮೈದಾನಕ್ಕಿಳಿದ. ಅಲ್ಲೊಮ್ಮೆ ಊರಿದ, ಇಲ್ಲೊಮ್ಮೆ ಊರಿದ. ಕಿವಿ ಬಿಲ್ಲೆಗಿತ್ತು, ಕಣ್ಣು ಸಾಹೇಬನನ್ನು ಹುಡುಕುತ್ತಿತ್ತು. ಹಿಂದೆ ಮುನ್ನೂರು ಮಕ್ಕಳು ತುದಿಗಾಲಲ್ಲಿ.

ಸಾಹೇಬ ಮೊದಲು ಕೊಡದ ಮಳಿಗೆಯ ಹತ್ತಿರ ಮೂಸುತ್ತ ನಿಂತ. ಕಿವಿಯಣ್ಣ ಅತ್ತ ನಡೆದ. ಅದು ಮಕ್ಕಳು ಚೆಲ್ಲಿದ ನೀರು. ಸಾಹೇಬನೂ ಅಷ್ಟು ಸುಲಭಕ್ಕೆ ಮೋಸಹೋಗದೆ ಮುಂದೆ ಹೋದ. ಮೂರು ಶಾಮಿಯಾನಗಳ ನೆರಳನ್ನು ಬಿಟ್ಟು, ನೇರ ವೇದಿಕೆಯ ಮುಂದೆ ಹಾಸಿದ್ದ ಕೆಂಪು ಜಮಖಾನಕ್ಕೆ ಬಂದು, ಮೂರು ಸುತ್ತು ಹಾಕಿ, ಕೆರೆದು, ಇಂಜಿನಿಯರ್ ಮೇಡಂ ಕುರ್ಚಿಯ ಕೆಳಗೆ ಹೊಟ್ಟೆಯೂರಿದ.

ಕಿವಿಯಣ್ಣ ಒಂದು ಗಳಿಗೆ ನಿಂತ. ಜಮಖಾನದ ಮೇಲೆ ಮಲಗಿದ್ದು ಸೋರಿಕೆಗೋ ಸುಖಕ್ಕೋ ಹೇಳುವವರು ಯಾರು? ಆದರೂ ಆರು ವರ್ಷದ ನಂಬಿಕೆ.

“ಮೇಡಂ, ತಾವು ಸ್ವಲ್ಪ ಏಳಬೇಕು.”

ಮೇಡಂ ಎದ್ದರು. ಕೂಲಿಯವರು ನಾಯಿಯನ್ನು ಎಳೆದರು, ಜಮಖಾನ ಸುತ್ತಿದರು. ಕಿವಿಯಣ್ಣ ಸರಳೂರಿ, ಎಲ್ಲರೂ ಸುಮ್ಮನಿರಬೇಕೆಂದು ಕೈಯೆತ್ತಿದ. ಅವನ ಮಟ್ಟಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ನೂರರವರೆಗೆ ಎಣಿಸಿದ. ಹೆದರಿಕೆಗೆ ಇನ್ನೂ ಐವತ್ತು ಹೆಚ್ಚಿಗೆ ಎಣಿಸಿದ.

“ಇಲ್ಲೇ.”

ಒಂದಡಿಗೆ ಒಣಮಣ್ಣು ಬಂತು. ಮೀಟರ್ ಕೆಮ್ಮಿದ. ಎರಡಡಿಗೆ ಮಣ್ಣಿನ ಬಣ್ಣ ಬದಲಾಯಿತು. ಮೂರನೇ ಅಡಿಗೆ ಗುದ್ದಲಿ ‘ಪಚಕ್’ ಎಂದಿತು, ನಾಲ್ಕನೆಯದಕ್ಕೆ ಗುಂಡಿಯ ತಳದಿಂದ ನೀರು ಕುದಿದಂತೆ ಉಕ್ಕಿತು. ಮಕ್ಕಳು ಕುಣಿದರು. ಸಾಹೇಬ ಗುಂಡಿಗೇ ಹಾರಿ ಹೊರಳಾಡಿದ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಕಿವಿಯಣ್ಣ, ಅದನ್ನು ತೋರಿಸುವಂತಿರಲಿಲ್ಲ.

ಸಮಾರೋಪದಲ್ಲಿ ಮಕ್ಕಳು ಕೈಯಲ್ಲೇ ಮಾಡಿದ ಒಂದು ಕಾರ್ಡು ಕೊಟ್ಟರು. ‘ನಮ್ಮ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ ದೊಡ್ಡವರು ನೀವೊಬ್ಬರೇ’ ಎಂದು ಬರೆದಿತ್ತು. ಕಿವಿಯಣ್ಣ ಅದನ್ನು ಎರಡು ಸಲ ಓದಿ, ಯಾಕೋ ತಲೆ ತಗ್ಗಿಸಿ ಜೇಬಿಗಿಟ್ಟುಕೊಂಡ. ಆಮೇಲೆ ಮೇಡಂ ಫೈಲು ತೆರೆದರು. ಕುರ್ಚಿಯ ಆದೇಶ ತೆಗೆದರು. ಪೆನ್ನಿನ ಮುಚ್ಚಳ ತೆಗೆದರು. ಕಿವಿಯಣ್ಣನಿಗೆ ಆ ಫ್ಯಾನಿನ ಗಾಳಿ ಬೆನ್ನಿಗೆ ತಾಗಿದಂತೆಯೇ ಆಯಿತು.

ಮೇಡಂ ಅವನ ಹೆಸರಿನ ಮೇಲೆ ಉದ್ದಕ್ಕೆ ಗೆರೆ ಎಳೆದರು.

“ಇಂಥ ಕಿವೀನ ತಗೊಂಡ್ಹೋಗಿ ಕುರ್ಚೀಲಿ ಕೂರಿಸಿದ್ರೆ ಊರು ನನ್ನ ಸುಮ್ನೆ ಬಿಡುತ್ತಾ?” ಎಂದರು, ಅವನ ಭುಜ ತಟ್ಟಿ, ಮುಖಕ್ಕೆ ಮುಖ ಕೊಟ್ಟು. “ಎರಡು ಸಲ ಇಲ್ಲ ಅಂತ ಬರೆದಿದ್ರಿ ನೀವು. ಆದ್ರೂ ತಪ್ಪು ಒಪ್ಪಿಕೊಂಡು, ನನ್ನನ್ನೇ ಎಬ್ಬಿಸಿ ಹುಡುಕಿದ್ರಲ್ಲ, ಅದು ದೊಡ್ಡದು. ನಾಳೆಯಿಂದ ಇನ್ನೂ ಮೂರು ಬಡಾವಣೆ ನಿಮ್ಮದೇ.” ಕುರ್ಚಿಗೆ ಯಾರನ್ನಾದರೂ ಹಾಕಬೇಕಲ್ಲ ಎಂದು ಗೆರೆಯ ಪಕ್ಕ ಮೀಟರ್ ಹೆಸರು ಬರೆದು ಸಹಿ ಹಾಕಿದರು.

ಹೋಗಲಿ, ಸಾಹೇಬನಿದ್ದಾನೆ, ಎರಡು ವರ್ಷ ಹೇಗೋ ಕಳೆಯುತ್ತದೆ ಎಂದು ಕಿವಿಯಣ್ಣ ಹೊರಗೆ ಬಂದ. ಗೇಟಿನಲ್ಲಿ ಮೇಡಂ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಟವೆಲು ಹಾಸಿ ಸಾಹೇಬನನ್ನು ಕೂರಿಸಿದ್ದರು.

“ನಮ್ಮನೆ ಮಕ್ಕಳು ನಾಯಿ ಬೇಕು ಅಂತ ವರ್ಷದಿಂದ ಪ್ರಾಣ ತಿಂತಿದ್ದಾರೆ,” ಎಂದರು ಮೇಡಂ. “ಪಾಪ, ಮಧ್ಯಾಹ್ನ ನನ್ನ ಕಾಲ ಹತ್ರಾನೇ ಬಂದು ಮಲಗಿತು. ನಿಮ್ಮದಂತೂ ಅಲ್ಲ ಅಂತ ನೀವೇ ಅಂದ್ರಲ್ಲ?”

ಕಿವಿಯಣ್ಣ ಬಾಯಿ ತೆರೆದ. ಮೀಟರ್ ಪಕ್ಕದಲ್ಲೇ ಕೈಕಟ್ಟಿ ನಿಂತು, ಬಹಳ ಆಸಕ್ತಿಯಿಂದ ಅವನ ಬಾಯನ್ನೇ ನೋಡುತ್ತಿದ್ದ. ಕಿವಿಯಣ್ಣ ಬಾಯಿ ಮುಚ್ಚಿದ. ಜೀಪು ಹೊರಟಿತು. ಸಾಹೇಬ ಕಿಟಕಿಯಿಂದ ತಲೆ ಹೊರಹಾಕಿ, ಒಂದೇ ಕಣ್ಣು ತೆರೆದು ಅವನನ್ನು ನೋಡಿದ.

ಸಂಜೆ ಹೆಂಡತಿ ಮೆಟ್ಟಿಲ ಮೇಲೇ ಕಾದಿದ್ದಳು. ಸರಳನ್ನು ಗೋಡೆಗೆ ಒರಗಿಸಿ ಅವನು ಕೂತ. ಏನಾಯಿತು ಎಂದು ಅವಳು ಕೈಸನ್ನೆಯಲ್ಲೇ ಕೇಳಿದಳು.

“ಕುರ್ಚಿ ಮೀಟರಿಗೆ ಸಿಕ್ತು,” ಎಂದ. “ಜೀಪು ಸಾಹೇಬನಿಗೆ.”

“ಮತ್ತೆ ನಿಮಗೆ?”

ಬೆಳಿಗ್ಗೆಯಿಂದ ಹಲ್ಲು ಕಚ್ಚಿ ಹಿಡಿದಿಟ್ಟುಕೊಂಡಿದ್ದನ್ನು ಕಿವಿಯಣ್ಣ ಈಗ ನಿರಾಳವಾಗಿ ಬಿಟ್ಟ.

“ಆಂ?”