ಲೆಪ್ರೆಕಾನ್‌ಗೆ ಕನ್ನಡ ಬರುವುದಿಲ್ಲ

ಕೊರೊನಾ ಕಾಲದಲ್ಲಿ ಯಾರ್ಯಾರನ್ನೋ ಏನೇನೋ ಕಾಡಿತು. ನನ್ನನ್ನು ನನ್ನದೇ ಹಾಸಿಗೆಯಿಂದ ಹೊರದಬ್ಬಿದ್ದು ಒಬ್ಬ ಐರಿಷ್ ಕುಳ್ಳ.

ನೆದರ್‌ಲ್ಯಾಂಡ್ಸ್‌ನ ನಮ್ಮ ಊರು ಜೂಟರ್‌ಮೀರ್‌ನಲ್ಲಿ ಶಾಲೆ, ಆಫೀಸು ಎರಡಕ್ಕೂ ಬೀಗ ಬಿದ್ದು ನಾವು ಮೂವರೂ ಮನೆಯಲ್ಲೇ ಬಂಧಿಗಳಾಗಿದ್ದ ಹೊಸತು. ನಾನು ವಿಡಿಯೋ ಮೀಟಿಂಗಿನಲ್ಲಿ ತಲೆಯಾಡಿಸುತ್ತಿದ್ದಾಗ (ಆಫೀಸಿನಲ್ಲಿ ನನ್ನ ಮುಖ್ಯ ಕೆಲಸ ಅದೇ) ಏಳು ವರ್ಷದ ಮಗಳು ಹಿತಾ ಟೀವಿಯಲ್ಲಿ ಮಕ್ಕಳ ಹಾರರ್ ಸೀರಿಯಲ್ ಒಂದನ್ನು ನೋಡಿಬಿಟ್ಟಳು. ಅದರಲ್ಲಿ ಲೆಪ್ರೆಕಾನ್ ಎಂಬ ಹಸಿರು ಕೋಟಿನ, ಕೆಂಪು ಗಡ್ಡದ ಕುಳ್ಳ. ಐರ್ಲೆಂಡಿನ ಅಜ್ಜಿಕಥೆಗಳಲ್ಲಿ ಅವನು ಬೂಟು ಹೊಲಿದುಕೊಂಡು, ಕೊಪ್ಪರಿಗೆ ಚಿನ್ನ ಬಚ್ಚಿಟ್ಟುಕೊಂಡು ತನ್ನ ಪಾಡಿಗೆ ಇರುವವನಂತೆ. ಟೀವಿಯವರು ಕೋರೆಹಲ್ಲು ಅಂಟಿಸಿ ಮಕ್ಕಳ ಮನೆಬಾಗಿಲು ತಟ್ಟಲು ಕಳಿಸಿದ್ದರು. ಅಂದಿನಿಂದ ಹಿತಾ ಅಮ್ಮನ ಪಕ್ಕ, ನಾನು ಸೋಫಾದ ಮೇಲೆ. ಆ ಸೋಫಾ ನನಗಿಂತ ಒಂದಡಿ ಗಿಡ್ಡ.

"ರೀ, ನಿಮ್ಮ ಬೆನ್ನುನೋವಿನ ಪುರಾಣ ಕೇಳಿ ಕೇಳಿ ಸಾಕಾಯ್ತು. ಏನಾದ್ರೂ ಐಡಿಯಾ ಮಾಡಿ," ಎಂದಳು ಹೆಂಡತಿ ಮೈಥಿಲಿ.

ಹೊಳೆದೇಬಿಟ್ಟಿತು! ನಮ್ಮ ಕಡೆ ಭೂತ ಬಾಗಿಲು ತಟ್ಟುತ್ತದೆಂದು ಸುದ್ದಿ ಹಬ್ಬಿದಾಗ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿರಲಿಲ್ಲವೇ? ಭೂತ ಓದಿ ಹಿಂತಿರುಗುತ್ತಿತ್ತು. ಮರುದಿನ ಬಂದರೂ ಅದೇ ಬರಹ. (ನಮ್ಮ ಭೂತಗಳು ಅಷ್ಟು ಸಾಕ್ಷರ, ಅಷ್ಟು ವಿಧೇಯ.) ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಹಿತಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಪ್ಪಾ, ಹಿ ಡಸಂಟ್ ನೋ ಕನ್ನಡ!"

"ಇಂಗ್ಲಿಷಲ್ಲಿ ಬರೀಲಾ ಪುಟ್ಟಾ?"

"ನೋ! ಟೀವೀಲಿ ಅವ್ನು ಡಚ್ ಮಾತಾಡ್ತಾನೆ."

ಎಲ್ಲ ಡಬ್ಬಿಂಗಿನವರ ಕೃಪೆ. ಕನ್ನಡದ ಚೀಟಿ ಕಿತ್ತು ಅದನ್ನೇ ಡಚ್ಚಿನಲ್ಲಿ 'ಕೊಮ್ ಮೋರ್ಗನ್' ಎಂದು ಬರೆದು ಅಂಟಿಸಿದೆ.

ಯುಗಾದಿಯ ಹಿಂದಿನ ದಿನ ಮಹಡಿ ಕಿಟಕಿಯಿಂದ ಹಿತಾ ಕಿರುಚಿದಳು. "ಅಪ್ಪಾ, ಬಂದಿದ್ದ! ಗ್ರೀನ್ ಕೋಟು, ರೆಡ್ ಗಡ್ಡ! ಬೋರ್ಡ್ ಓದಿ ವಾಪಸ್ ಹೋದ! ಇಟ್ ವರ್ಕ್ಸ್! ಇವತ್ತಿಂದ ನಾನು ನನ್ ರೂಮಲ್ಲೇ ಮಲಗ್ತೀನಿ!"

ನನಗೆ ಕುಣಿಯುವಷ್ಟು ಖುಷಿ. ದಿಂಬನ್ನು ತಲೆಯ ಮೇಲೆ ಹೊತ್ತು ಬೆಡ್‌ರೂಮಿನತ್ತ ದಿಗ್ವಿಜಯ ಯಾತ್ರೆ ಹೊರಟಿದ್ದೆ. ಅಷ್ಟರಲ್ಲಿ ಮೈಥಿಲಿಯ ಫೋನು ಟಿಣ್ ಎಂದಿತು.

"ರೀ! ದಿನಸಿ ಅಂಗಡಿಯವ್ರು ಮೆಸೇಜ್ ಹಾಕಿದಾರೆ. 'ನಿಮ್ಮ ಬಾಗಿಲಲ್ಲಿ ಬರೆದಿರೋ ಹಾಗೆ ನಾಳೆ ಬರ್ತೀವಿ' ಅಂತೆ! ಡೆಲಿವರಿ ಸ್ಲಾಟ್ ಸಿಗೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ? ಬೇಳೆ, ಬೆಲ್ಲ ಎಲ್ಲಾ ಅದರಲ್ಲೇ ಇತ್ತು. ಒಬ್ಬಟ್ಟಿಗೆ ನಿಮ್ಮ ಬೋರ್ಡನ್ನೇ ರುಬ್ಲಾ?"

(ಹಸಿರು ಕೋಟು ಅಂಗಡಿಯ ಯೂನಿಫಾರ್ಮು, ಸರಿ. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಕುಳ್ಳ ಗಂಡಸು ಗುಡ್ಡದಷ್ಟೇ ಅಪರೂಪ. ಇದ್ದೊಬ್ಬನನ್ನು ಹುಡುಕಿ ನಮ್ಮ ಮನೆಗೇ ಕಳಿಸಬೇಕೆ?)

ಬೋರ್ಡು ಕೀಳಲು ಹೋದರೆ ಹಿತಾ ಅಡ್ಡ ನಿಂತಳು. "ತೆಗೆದ್ರೆ ನಾನು ಅಮ್ಮನ ಹತ್ರಾನೇ!" ಬಂದವನು ಅಂಗಡಿಯವನು ಎಂದುಬಿಟ್ಟರೆ ಬೋರ್ಡಿನ ಮಹಿಮೆಯೇ ಮುಗಿಯಿತು. ಬೋರ್ಡಿದ್ದರೆ ಒಬ್ಬಟ್ಟಿಲ್ಲ, ಕಿತ್ತರೆ ಹಾಸಿಗೆಯಿಲ್ಲ. ಕೊನೆಗೆ ಮೈಥಿಲಿಯೇ ತೀರ್ಪು ಕೊಟ್ಟಳು.

"ಬೋರ್ಡ್ ಇರ್ಲಿ. ನಾಳೆ ನೀವು ಹೊರಗೆ ಕಾವಲು ನಿಂತ್ಕೊಳ್ಳಿ."

ಯುಗಾದಿ ಬೆಳಿಗ್ಗೆ ಎಣ್ಣೆಸ್ನಾನ ಮಾಡಿ, ಪಂಚೆಯ ಮೇಲೆ ಚಳಿಯ ಜಾಕೆಟ್ ಏರಿಸಿ ಬಾಗಿಲು ಕಾದೆ. ಒಂದು ಸಲ, ಒಂದೇ ಸಲ, ಮೂಗು ಒರೆಸಿಕೊಳ್ಳಲು ಒಳಗೆ ಹೋಗಿದ್ದು. ಹೊರಬಂದರೆ ಕೆಂಪು ಗಡ್ಡದವನು ಬೋರ್ಡು ಓದಿ, ಪೆಟ್ಟಿಗೆ ಸಮೇತ ಬೀದಿ ದಾಟುತ್ತಿದ್ದಾನೆ!

ಪಂಚೆ ಎತ್ತಿ ಕಟ್ಟಿ ಓಡಿದೆ. "ಕೊಮ್! ಕೊಮ್! ನೋ ಮೋರ್ಗನ್!"

ಪಾಪ, ಅವನು ಬೆದರಿ, ಪೆಟ್ಟಿಗೆಯನ್ನು ನಮ್ಮ ಹೊಸ್ತಿಲ ಮುಂದಿಟ್ಟು ದೂರ ಸರಿದ. ಆನಂದಕ್ಕೆ ನಾನು ಎರಡೂ ಕೈ ಮುಗಿದು ಯುಗಾದಿಯ ಶುಭಾಶಯವನ್ನೂ ಹೇಳಿದೆ. ತಲೆಯೆತ್ತಿದರೆ ಮಹಡಿ ಕಿಟಕಿಯಲ್ಲಿ ಹಿತಾ.

"ಅಮ್ಮಾ! ಅಪ್ಪಾನೇ ಓಡಿಹೋಗಿ ಅವನನ್ನ ಕರ್ಕೊಂಡು ಬಂದ್ರು! ನಮಸ್ತೆ ಬೇರೆ! ದೇ ಆರ್ ಫ್ರೆಂಡ್ಸ್!"

ಅವನು ಅಂಗಡಿಯವನು ಎಂದು ಆಗ ಎಷ್ಟು ಹೇಳಿದರೂ ನಂಬಲಿಲ್ಲ. ಸಾಕ್ಷಿಗೆಂದು ಬೆಲ್ಲದ ಅಚ್ಚು ತೋರಿಸಿದೆ. "ನೋಡಮ್ಮಾ, ಗೋಲ್ಡ್ ಬೇರೆ ಇಸ್ಕೊಂಡಿದಾರೆ!" ಎಂದಳು. ಮೈಥಿಲಿ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು.

ಒಬ್ಬಟ್ಟು ಮಾತ್ರ ಸೊಗಸಾಗಿತ್ತು. ತುಪ್ಪ ಸುರಿದುಕೊಂಡು, ಸೋಫಾದ ಮೇಲೆಯೇ ಕೂತು ತಿಂದೆ. ಬೆಡ್‌ರೂಮಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು, ಹಿಂದೆಯೇ ಮಗಳ ದನಿ:

"ಅಮ್ಮಾ, ಲೆಪ್ರೆಕಾನ್ ಬಂದ್ರೆ ಪರ್ವಾಗಿಲ್ಲ. ಅಪ್ಪನ್ನ ಮಾತ್ರ ಒಳಗೆ ಬಿಡ್ಬೇಡ!"